ಅಕ್ಟೋಬರ್ ಕತ್ತರಿ

“ಕತ್ತರಿ ಕೆಳಗಿಡಿ! ಮೊದಲು ಕೆಳಗಿಡಿ!”

ಚೇತನಾ ಬೆಚ್ಚಿಬಿದ್ದಳು. ಗೇಟಿನ ಬಳಿ ಸುಧೀಂದ್ರ ನಿಂತಿದ್ದ. ಅವಳ ಕಾಲಬುಡದಲ್ಲಿ ಹಸಿರು ಬಳ್ಳಿಗಳ ರಾಶಿ. ಒಂದು ಇಡೀ ಸಾಲು ಬೋಳು!

ಕೆಂಗೇರಿಯಲ್ಲಿ ಅವಳ ಅಜ್ಜಿ ಬೋರಮ್ಮನ ಮನೆಯ ಹಿಂದಿನ ಜಾಗವನ್ನು ಅವನು ಬಾಡಿಗೆಗೆ ಹಿಡಿದು ಎರಡು ವರ್ಷವಾಗಿತ್ತು. ಇಟಲಿಯಲ್ಲಿ ದ್ರಾಕ್ಷಿ ಕೃಷಿ ಕಲಿತು ಬಂದ, ಬೆಂಗಳೂರಿನ ಆರ್‌ಪಿಸಿ ಲೇಔಟಿನ ಹುಡುಗ. ಅಲ್ಲಿನ ಸ್ಯಾಂಜೊವೇಸೆ ಎಂಬ ಕೆಂಪು ವೈನ್ ತಳಿಯನ್ನು ಇಲ್ಲಿ ಬೆಳೆದೇ ತೀರುವ ಹಟ ಅವನದು. ಎರಡು ಸಾಲು ಬಳ್ಳಿ ಸೊಂಪಾಗಿ ಹಬ್ಬಿತ್ತು, ನಿಜ. ಹಣ್ಣು? ಒಂದೇ ಒಂದು ಗೊಂಚಲಿಲ್ಲ! ಈ ಸಲವೂ ಬಿಡದಿದ್ದರೆ ಎಲ್ಲ ಕಿತ್ತುಹಾಕಿ ನಾಸಿಕ್‌ಗೆ ಕೆಲಸಕ್ಕೆ ಹೋಗುತ್ತೇನೆಂದು ಅಜ್ಜಿಗೆ ಹೇಳಿದ್ದ.

ಪ್ರತಿ ಭಾನುವಾರ ಅಡುಗೆಮನೆ ಕಿಟಕಿಯಿಂದ ಅವನನ್ನೇ ನೋಡುತ್ತಿದ್ದ ನಮ್ಮ ಚೇತನಾಗೆ ಆ ಮಾತು ಎದೆಗೇ ನಾಟಿತ್ತು. ಸಹಾಯ ಮಾಡಲು ಹೋಗಿ ಈಗ ಕಳ್ಳಿಯಂತೆ ಸಿಕ್ಕಿಬಿದ್ದಿದ್ದಳು.

“ಅಕ್ಟೋಬರ್‌ನಲ್ಲಿ ಸವರದಿದ್ರೆ ಹಣ್ಣು ಬರಲ್ವಂತೆ... ಅಜ್ಜಿ ಹೇಳಿದ್ರು...”

“ಚಳಿಗೆ ಎಲೆ ಉದುರಿ ಬಳ್ಳಿ ಮಲಗುತ್ತೆ. ಆಗ ಸವರಬೇಕು. ನಾನು ಕಲಿತಿರೋದು ಹಾಗೆ!”

“ಎರಡು ವರ್ಷದಿಂದ ಕಾಯ್ತಾ ಇದೀರಲ್ಲ, ಮಲಗ್ತಾ?”

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಬೋರಮ್ಮ ನಕ್ಕರು.

“ಈ ಊರಲ್ಲಿ ಹಿಮ ಬೀಳುತ್ತೇನಪ್ಪಾ, ಅದು ಮಲಗೋಕೆ? ನಾವೇ ಕತ್ತರಿ ಹಾಕಿ ಎಬ್ಬಿಸ್ಬೇಕು. ನಮ್ಮ ದ್ರಾಕ್ಷಿ ಚಪ್ಪರಕ್ಕೆ ವರ್ಷಕ್ಕೆ ಎರಡು ಸಲ ಹಾಕ್ತಿದ್ವಿ.”

“ಇದು ಬೇರೆ ದೇಶದ್ದು ಅಜ್ಜಿ! ಎರಡು ವರ್ಷದ ಕಷ್ಟ ಮಣ್ಣುಪಾಲಾಯ್ತು...”

“ಇಪ್ಪತ್ತು ದಿನ ಕೊಡಿ,” ಎಂದಳು ಚೇತನಾ.

“ಚಿಗುರದಿದ್ರೆ?”

“ಆಮೇಲೆ ನನ್ನ ಮುಖಾನೇ ನೋಡ್ಬೇಡಿ!”

ಹೇಳಿದ್ದೇನೋ ಹೇಳಿಬಿಟ್ಟಳು. ಅವನು ತಿರುಗಿಯೂ ನೋಡದೆ ಹೋದಾಗ ತಲೆ ಚಚ್ಚಿಕೊಂಡಳು. ‘ಅಯ್ಯೋ ಪೆದ್ದಿ, ಯಾಕೆ ಅಂದೆ ಹಾಗೆ?’

ಕತ್ತರಿಸಿದ ತುದಿಗಳಲ್ಲಿ ನೀರು ಜಿನುಗತೊಡಗಿತು.

“ಅಳ್ತಾ ಇದೆ ಅಜ್ಜೀ!”

“ಜೀವ ಇದೆ ಅಂತ ಕಣೇ. ನೀನ್ಯಾಕೆ ಅಳ್ತೀಯಾ?”

ಭಾನುವಾರ ಬಂತು. ಅವನು ಕಾಣಲಿಲ್ಲ. ಎಂಟನೆಯ ದಿನವೂ ಬರೀ ಒಣ ಕಡ್ಡಿ. ಮತ್ತೆ ನೋಡುವ ಧೈರ್ಯವಾಗದೆ ಚೇತನಾ ಕಿಟಕಿಯನ್ನೇ ಮುಚ್ಚಿಬಿಟ್ಟಳು. ಊಟವೂ ಸೇರುತ್ತಿರಲಿಲ್ಲ.

ಇಪ್ಪತ್ತನೆಯ ದಿನ ಬೆಳಗ್ಗೆ ಆರು ಗಂಟೆಗೆ ದೇವರನ್ನು ನೆನೆದು ಹಿತ್ತಲಿಗೆ ಕಾಲಿಟ್ಟಳು.

ಕಡ್ಡಿ ಕಡ್ಡಿಗೂ ಎಳೆ ಚಿಗುರು! ಚಿಗುರಿನ ನಡುವೆ ಸಾಸಿವೆಯಷ್ಟು ಸಣ್ಣ ಮೊಗ್ಗುಗಳ ಗೊಂಚಲು! ಅದರ ಮುಂದೆ ಕತ್ತರಿ ಹಿಡಿದು ಕೆಸರಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ... ಸುಧೀಂದ್ರ!

“ನೀವು... ಇಲ್ಲಿ?”

“ದಿನಾ ನೀವು ಏಳೋಕೆ ಮುಂಚೆ ಬಂದು ಹೋಗ್ತಿದ್ದೆ. ಅಜ್ಜಿ ಗೇಟ್ ತೆಗೀತಿದ್ರು.” ಅವನು ತಲೆ ತಗ್ಗಿಸಿದ. “ಚಿಗುರಿ ಆಗ್ಲೇ ವಾರ ಆಯ್ತು.”

“ಹೇಳ್ಲಿಲ್ಲ ಯಾಕ್ರೀ? ನಾನಿಲ್ಲಿ ಊಟ ನಿದ್ದೆ ಬಿಟ್ಟು...”

“ಸಾರಿ ಕೇಳ್ಬೇಕಿತ್ತು. ಅದರ ಜೊತೆ ಇನ್ನೊಂದು ಹೇಳೋದೂ ಇತ್ತು. ಅದಕ್ಕೆ ಧೈರ್ಯ ಸಾಲ್ಲಿಲ್ಲ...”

ಅವಳ ಕೆನ್ನೆ ಬಿಸಿಯಾಯಿತು.

“ಮತ್ತೆ ನಾಸಿಕ್?”

“ಬರಲ್ಲ ಅಂತ ನಿನ್ನೆನೇ ಮೇಲ್ ಹಾಕ್ದೆ. ಆ ಇನ್ನೊಂದು ಸಾಲನ್ನೂ ನೀವೇ ಸವರಿಕೊಡ್ತೀರಾ?”

“ಇದೊಂದು ಸಲಾನಾ?”

“ವರ್ಷಕ್ಕೆ ಎರಡು ಸಲ. ಬಳ್ಳಿ ಮೂವತ್ತು ವರ್ಷ ಬದುಕುತ್ತೆ.”

“ಅಬ್ಬಾ! ಅಷ್ಟು ವರ್ಷ ನಾನೆಲ್ಲಿ ಸಿಗ್ತೀನಿ ನಿಮಗೆ?”

“ಅದಕ್ಕೇ ಕೇಳ್ತಾ ಇದೀನಿ... ನನ್ನ ಮದುವೆ ಆಗ್ತೀರಾ, ಚೇತನಾ?”

ಕಣ್ಣು ತುಂಬಿ ಬಂದರೂ ಅವಳು ನಗುತ್ತಲೇ ಕೈ ಚಾಚಿದಳು.

“ಮೊದಲು ಕತ್ತರಿ ಕೊಡಿ.”

ಕೊಟ್ಟ. ಕತ್ತರಿಯೊಂದಿಗೆ ಅವನ ಬೆರಳನ್ನೂ ಹಿಡಿದುಕೊಂಡಳು.

“ಇನ್ಮೇಲೆ ಕೆಳಗಿಡಿ ಅಂತ ಕೂಗ್ಬಾರ್ದು.”

“ಜನ್ಮದಲ್ಲಿ ಕೂಗಲ್ಲ!”