ಎರವಲು ಹೋದ ಟಗರು

ಕೂಡ್ರಿ ಅಣ್ಣಾರ, ಎತ್ತು ಆ ಗಿಡಕ್ಕ ಕಟ್ರಿ, ಒಂದೀಟು ನೀರು ಕುಡೀರಿ. ನಾ ಹೇಳೋದು ನೀವು ನಂಬಂಗಿಲ್ಲ, ನನಗ ನಂಬಾಕ ಆಗವಲ್ದು. ಇವತ್ತ, ಮುಂಜಾನಿ ಬಿಸಲು ಏರೂದ್ರಾಗ, ಒಬ್ಬ ಮಾಂತ್ರಿಕ ನನ್ನ ಕಣ್ಣ ಮುಂದ ಕರಗಿ ಸುಣ್ಣದ ನೀರಾಗಿ ಹರದು ಹೋದ. ನಾ ಕೋಲು ಎತ್ತಿಲ್ಲ, ಕಲ್ಲು ಒಗದಿಲ್ಲ. ಒಂದ ಮಾತು ಅಂದೆ, ಅಷ್ಟ.

ತಡೀರಿ, ಮೊದಲಿಂದ ಹೇಳ್ತೀನಿ. ಎಲ್ಲಾ ಕತ್ಯಾಗೂ ಒಬ್ಬ ರಾಜ ಇರ್ತಾನಲ್ಲ, ನಮ್ಮ ಎಳ್ಳುಗುಡ್ಡದ ರಾಜ್ಯಕ್ಕೂ ಒಬ್ಬ ಅದಾನ. ಆದ್ರ ಕತಿ ಅವಂದಲ್ಲ, ಕುರೀದು. ನಮ್ಮ ಕುರಿ ಕರೀವು, ಸಣ್ಣವು, ನೋಡಾಕ ಏನೂ ಚಂದ ಇಲ್ಲ. ಆದ್ರ ನಡೀತಾವು ಅಣ್ಣಾರ! ಮಳಿ ಹಿಂದ ಹೋಗ್ತಾವು, ಮಳಿ ಹಿಂದ ಬರ್ತಾವು. ಬಿಸಲು ಸುಡಾಕತ್ತಿದ್ರ ಒಂದರ ಹೊಟ್ಟಿ ಕೆಳಗ ಇನ್ನೊಂದು ತಲಿ ಇಟ್ಕೊಂಡು ಸುಮ್ನ ನಿಂದರ್ತಾವು. ಮುಳ್ಳು ತಿಂದು ಹಾಲು ಕೊಡ್ತಾವು.

ನಮ್ಮ ಕುರುಬರಾಗ ಬೀಜದ ಟಗರು ಮಾರೂದಿಲ್ಲ. ಎರವಲು ಕೊಡ್ತೀವಿ. ಯಾರು ಬಂದು ಕೇಳಿದ್ರೂ, ನಿನ್ನೆ ಜಗಳ ಆಡಿದಾವ ಬಂದು ಕೇಳಿದ್ರೂ, ಇಲ್ಲ ಅನ್ನಂಗಿಲ್ಲ. ನಮ್ಮಪ್ಪನ ಅವ್ವ, ಜಕ್ಕವ್ವ ಆಯಿ, ಅಕಿ ಹೇಳ್ತಾಳ: ಒಂದ ಟಗರು ಒಂದ ಹಿಂಡಿನಾಗ ಉಳದ್ರ ತನ್ನ ಮಗಳ ಮ್ಯಾಲ ತಾನ ಹತ್ತತೈತಿ, ಮರಿ ಕುರುಡು ಆಕ್ಕಾವು, ಕಾಲು ಸೊಟ್ಟ ಆಕ್ಕಾವು. ಟಗರು ತಿರುಗಬೇಕು, ಹಿಂಡಿನಿಂದ ಹಿಂಡಿಗೆ. ಅದಕ್ಕ ಇಲ್ಲ ಅಂದಾವ ಇರೋ ಹಟ್ಟಿಯೊಳಗ ಟಗರು ಕಾಲಿಡಂಗಿಲ್ಲ ಅಂತಾರ. ನಾ ಇದು ಬರೇ ಹೆದರ್ಸೂ ಮಾತು ಅಂತ ತಿಳದಿದ್ದೆ. ಯಾಕಂದ್ರ ಇಲ್ಲ ಅಂದಾವ್ರನ್ನ ಯಾರೂ ನೋಡಿದ್ದಿಲ್ಲ.

ಅಂಥಾ ನಾಡಿಗೆ ಆ ಮಾಂತ್ರಿಕ ಬಂದ. ಹಾಲುಗಣ್ಣ. ಕಣ್ಣಾಗ ಕರಿಗುಡ್ಡಿ ಇಲ್ಲ, ಬರೇ ಹಾಲು. ಹಿಂದ ಬಿಳಿ ಕುರಿ, ಬೆಳಗ್ಗೆ ಮೊಣಕಾಲಿನ ಎತ್ತರ ಇದ್ದದ್ದು ಸಂಜಿಗೆ ಸೊಂಟದ ಎತ್ತರ! ರಾಜ ಒಂದರ ತೊಡಿ ತಿಂದ, ಕೈ ನೆಕ್ಕಿದ, ಹಾಲುಗಣ್ಣನ್ನ ಮಂತ್ರಿ ಮಾಡಿದ. ಮಂತ್ರಿ ಆದಾವ ಹಟ್ಟಿ ಹಟ್ಟಿಗೆ ಬಂದು ಏನೂ ಕಸ್ಕೊಳ್ಳಲಿಲ್ಲ ನೋಡ್ರಿ. ಕೈ ಮುಗದ. ನಿಮ್ಮ ಕರಿ ಟಗರು ಒಂದು ಹಂಗಾಮಿಗೆ ಎರವಲು ಕೊಡ್ರಿ, ಅಲ್ಲೀತನಾ ನನ್ನ ಬಿಳೀದು ಇಟ್ಕೋರಿ ಅಂದ. ಯಾರು ಇಲ್ಲ ಅಂತಾರ? ಎಲ್ಲಾರೂ ಕೊಟ್ರು. ಆಮ್ಯಾಲ ಅವ ನಕ್ಕೊಂತ ಇನ್ನೊಂದು ಕೇಳಿದ. ಟಗರು ನನ್ನ ಮಾತು ಕೇಳಬೇಕಲ್ಲ, ಅದನ್ನ ಕರಿಯೋ ದನೀನೂ ಎರವಲು ಕೊಡ್ರಿ ಅಂದ. ಟಗರಿನ ಜೋಡಿ ಹಗ್ಗ ಕೊಟ್ಟಂಗ ಅಂತ ತಿಳದು ಅದನ್ನೂ ಕೊಟ್ರು.

ಮರುದಿನ ನಮ್ಮಪ್ಪ ಮಾಳಪ್ಪ ಕುರಿ ಕರಿಯಾಕ ಬಾಯಿ ತಗದ, ಗಾಳಿ ಬಂತು. ಬರೇ ಗಾಳಿ. ಕರಿಯೋ ದನಿ ಹೋದ್ರ ಮಾತಿನ ದನೀನೂ ಹೋತು. ಟಗರು ಕೊಟ್ಟವರು ಎಲ್ಲಾರೂ ಮೂಕರು.

ಮಳಿ ಬಂದ ಮ್ಯಾಲ ಅವನ ಟಗರಿಗೆ ಹುಟ್ಟಿದ ಬಿಳಿ ಕುರಿ ಬಣ್ಣ ಬಯಲಾತು. ಕೆಸರಿಗೆ ಗೊರಸು ಕೊಳತು. ಬಿಸಲು ಬಿದ್ರ ಬಾಯಿ ತಗದು ಬಿದ್ದು ಸತ್ವು. ಮುಳ್ಳು ಮುಟ್ಟಂಗಿಲ್ಲ, ಹುಲ್ಲು ಮುಟ್ಟಂಗಿಲ್ಲ, ಹಾಲುಗಣ್ಣನ ಕಣಜದ ಮೇವ ಬೇಕು. ಆ ಮೇವು ಬೇಡಾಕ ಕುರುಬರು ಅವನ ಬಾಗಲದಾಗ ಮೂಕರಾಗಿ ಕೈ ಒಡ್ಡಿ ನಿಂದರ್ತಿದ್ರು. ನಮ್ಮ ದೊಡ್ಡಪ್ಪ ಅಲ್ಲೆ ನಿಂತಾಂವ ಅಲ್ಲೆ ಕುಸದು ಸತ್ತ. ಸಾಯೂ ಮುಂದ ನನ್ನ ಕೈ ಹಿಡದು ಏನೋ ಹೇಳಾಕ ಬಾಯಿ ಆಡಿಸಿದ. ಏನಂತ ನನಗ ಇನ್ನೂ ಗೊತ್ತಿಲ್ಲ.

ಹಂಗಾಮು ಮುಗೀತು, ಟಗರು ತಿರುಗಿ ಬರಲಿಲ್ಲ. ಬಿಳಿ ಟಗರಿನ ದೊಡ್ಡ ಮರಿ ಹೊತ್ತ ನಮ್ಮ ಸಣ್ಣ ಕುರಿ ಈಯೂದ್ರಾಗ ಸತ್ವು. ಕರಿ ಕುರಿ ಅಂತ ಉಳದದ್ದು ಆಯಿ ಗುಂಡಿಯೊಳಗ ಮುಚ್ಚಿಟ್ಟ ಒಂದಿಷ್ಟು ಮುದಿ ಕುರಿ. ಒಂದಿನ ಆಯಿ ಅವುಗಳ ಬಾಯಿ ತಗದು ನನಗ ತೋರ್ಸಿದಳು. "ಹಲ್ಲು ನೋಡು ಲಗ್ಮ್ಯಾ. ಮುಂದಿನ ವರ್ಷ ಇವು ಮೇಯಂಗಿಲ್ಲ. ಈ ಸಲ ಟಗರು ಹತ್ತಲಿಲ್ಲಂದ್ರ ನಮ್ಮ ಕುರಿ ಬೀಜ ಇಲ್ಲಿಗೆ ಮುಗೀತು."

ನಾ ಹೋಗ್ತೀನಿ ಅಂದೆ. ಬೋರಿ ಅನ್ನೂ ಮುದಿ ಕುರಿಗೆ ಹಗ್ಗ ಹಾಕ್ಕೊಂಡು, ಕಂಬಳಿ ಹೊತ್ಕೊಂಡು, ನಮ್ಮ ಟಗರು ಗುಡುಗನ್ನ ತರಾಕ ಹಾಲುಗಣ್ಣನ ಗುಡ್ಡಕ್ಕ ಹೊಂಟೆ.

ಗುಡ್ಡಕ್ಕ ಮೂರು ಬಾಗಲ. ಮೊದಲನೇದರಾಗ ಹುಲ್ಲು. ಎಂಥಾ ಹುಲ್ಲು ಅಣ್ಣಾರ, ಎದಿಮಟ, ಹಸರು, ನೀರು ತೊಟ್ಟಿಕ್ಕೂವಂಥಾದ್ದು! ಗುಂಡಿಯೊಳಗ ಮೇವಿಲ್ಲದ ಮೂರು ದಿನದ ಹಸಿವು ಬೋರಿಗೆ, ಮೂತಿ ಹಚ್ಚತಾಳ ಅಂತ ಮಾಡಿದ್ದೆ. ಮೂಸಿ ನೋಡಿ ಹಿಂದ ಸರದಳು. ನಾ ಬಗ್ಗಿ ನೋಡ್ತೀನಿ, ಹುಲ್ಲಿನ ಬುಡದಾಗ ಬೆರಳು ಅದಾವ, ಮನಿಷ್ಯಾರ ಬೆರಳು. ಅಲ್ಲೆ ಕಾಲಿಟ್ಟವರೆಲ್ಲಾ ಹುಲ್ಲಾಗಿದ್ರು. ಬೋರಿ ಬರೇ ಕಲ್ಲು ಇದ್ದಲ್ಲೆ ಕಾಲಿಟ್ಕೊಂತ ಹೋದಳು, ನಾ ಅಕಿ ಹೆಜ್ಜಿ ಮ್ಯಾಲ ಹೆಜ್ಜಿ ಇಟ್ಟೆ. ದಾಟಿದ್ವಿ.

ಎರಡನೇ ಬಾಗಲದಾಗ ಬಿಳಿ ಕುರಿ ಹಿಂಡು. ಅವು ಮಾತಾಡಾಕತ್ತಿದ್ದು. ನಮ್ಮ ಮಂದಿ ದನೀಲೇ. ಒಂದು ನಮ್ಮ ದೊಡ್ಡಪ್ಪನ ದನೀಲೇ ಅಳತಿತ್ತು. ಒಂದು, ಕಾಲು ಕೊಳತದ್ದು, ನಮ್ಮಪ್ಪನ ದನೀಲೇ "ಲಗ್ಮ್ಯಾ, ಕಾಲು ಸುಡಾಕತ್ತೈತೋ" ಅಂತು. ನಿಂತ್ರ ನಾನೂ ಅಲ್ಲೆ ಬಿಳಿ ಕುರಿ ಆಗ್ತೀನಿ ಅಂತ ಗೊತ್ತಿತ್ತು, ಪಕ್ಕದಾಗಿನ ಕುರೀಗೆ ಇನ್ನೂ ಮನಿಷ್ಯಾನ ಕಿವಿ ಇದ್ದು. ಆದ್ರ ಅಪ್ಪನ ದನಿ ಅಣ್ಣಾರ. ಹೆಂಗ ಬಿಟ್ಟು ಹೋಗಲಿ? ಕೂತೆ. ಗೊರಸಿನ ಕೀವು ಹಿಂಡಿದೆ, ಹುಳ ತಗದೆ, ಬೇವಿನೆಣ್ಣಿ ಅರಿಶಿಣ ತುಂಬಿ, ಕಂಬಳಿ ಅಂಚು ಹರದು ಕಟ್ಟಿದೆ. ಕಟ್ಟೂದ್ರಾಗ ನನ್ನ ಎಡಗೈ ತುಂಬ ಕುರಿಯ ಬಿಳಿ ತುಪ್ಪಟ ಹುಟ್ಟಿತ್ತು. ನೋಡ್ರಿ, ಇನ್ನೂ ಐತಿ. ಆಗ ಆ ಕುರಿ ಮೆಲ್ಲಕ ಹೇಳಿತು: "ಅವನ ಮೈಯಾಗ ಎಲುಬಿಲ್ಲ ಮಗನ. ನಾವೆಲ್ಲಾ ಹೂಂ ಅಂದದ್ದರ ಮ್ಯಾಲ ನಿಂತಾನ. ಇನ್ನ ಓಡು."

ಓಡಿದೆ. ಮೂರನೇ ಬಾಗಲ, ಕಲ್ಲಿನ ದೊಡ್ಡಿ. ಒಳಗ ನಾಡಿನ ಟಗರೆಲ್ಲಾ, ಎಲ್ಲಾದಕ್ಕೂ ಕೋಡಿನ ತುದಿತನಾ ಸುಣ್ಣ ಬಳದಿದ್ದ. ತಪ್ಪು ಟಗರು ಮುಟ್ಟಿದವ್ರು ಕೈ ಚಾಚಿದ್ದು ಚಾಚಿದಂಗ ಸುಣ್ಣದ ಗೊಂಬಿ ಆಗಿ ನಿಂತಿದ್ರು. ನಾ ಯಾವುದನ್ನೂ ಮುಟ್ಟಲಿಲ್ಲ. ಬೋರೀನ ಬಿಟ್ಟೆ. ಬೆದಿಗೆ ಬಂದ ಕುರಿ ಅಕಿ, ದೊಡ್ಡಿ ನಡುವ ನಿಂತು ಉಚ್ಚಿ ಹೊಯ್ದಳು. ಸುಣ್ಣದ ವಾಸನಿಗೆ ಮೂಗು ಸತ್ತಿದ್ದ ಟಗರು ಒಂದೂ ಅಲುಗಾಡಲಿಲ್ಲ. ಆದ್ರ ಮೂಲ್ಯಾಗಿಂದ ಒಂದ ಒಂದು ಎದ್ದು ಬಂತು, ಮೂಸಿ, ಮೂತಿ ಮ್ಯಾಲ ಎತ್ತಿ, ತುಟಿ ಮಡಚಿ ಹಲ್ಲು ತೋರ್ಸಿತು. ಎರಡು ವರ್ಷ ಅಕಿ ಬೆನ್ನು ಬಿಡದ ನಮ್ಮ ಗುಡುಗ! ಕೊರಳಿಗೆ ಕೈ ಹಾಕಿದೆ. ಬಿಸಿ ಇತ್ತು. ನಾ ಗೊಂಬಿ ಆಗಲಿಲ್ಲ.

ಹೊರಗ ಬಂದ್ರ ಹಾದ್ಯಾಗ ಹಾಲುಗಣ್ಣ ನಿಂತಾನ. ಕೈಯಾಗ ಕತ್ತಿ ಇಲ್ಲ, ಮಂತ್ರ ಇಲ್ಲ. ಕೈ ಮುಗದಾನ.

"ತಮ್ಮಾ, ನಿನ್ನ ಟಗರು ನೀ ತಗೊಂಡಿ, ನಾ ಬ್ಯಾಡ ಅನ್ನಂಗಿಲ್ಲ. ಈಗ ಕೇಳ್ತೀನಿ. ಒಂದು ಹಂಗಾಮಿಗೆ ಎರವಲು ಕೊಡು."

ನಾ ಹೆದರಿದ್ದು ಹುಲ್ಲಿಗಲ್ಲ, ಗೊಂಬಿಗಲ್ಲ, ಈ ಮಾತಿಗೆ. ಕೊಟ್ರ ಕುರಿ ಮುಗೀತು. ಇಲ್ಲ ಅಂದ್ರ? ನಮ್ಮ ಬಾಯಿಗೆ ಆ ಮಾತು ಬರಂಗಿಲ್ಲ ಅಣ್ಣಾರ, ಟಗರಿನ ವಿಷಯದಾಗ ಆ ಮಾತ ಇಲ್ಲ. ಗುಡುಗನ ಕೊರಳಿಗೆ ಹಾಕಿದ್ದ ಹಗ್ಗ ಕೈಗೆ ಸುತ್ಕೊಂಡೆ. ಅವ ಎರಡನೇ ಸಲ ಕೇಳಿದ. ಕಂಬಳಿ ತಗೋ ಅಂದೆ, ಬ್ಯಾಡಂದ. ನನ್ನ ದನಿ ತಗೋ ಅಂದೆ, ನಕ್ಕ. ಅದು ಟಗರಿನ ಹಿಂದ ತಾನ ಬರತೈತಿ ಅಂದ. ಮೂರನೇ ಸಲ ಕೇಳಿದ, ಗುಡುಗನ ಹಗ್ಗಕ್ಕ ಕೈ ಹಾಕಿದ.

"ಇಲ್ಲ" ಅಂದೆ.

ಮೊದಲ ಅವನ ಮೂಗು ಇಳೀತು. ಆಮ್ಯಾಲ ಗಲ್ಲ, ಭುಜ, ಮುಗದ ಕೈ. ಬಿಸಿ ಸುಣ್ಣಕ್ಕ ನೀರು ಹೊಯ್ದಂಗ ಬುಸುಬುಸು ಅಂತ ಕುದ್ದು ಹರದು ಹೋದ. ಅವನ ಕಣ್ಣು ಕಡೀತನಾ ನನ್ನ ನೋಡ್ತಿದ್ದು. ಹಿಂದ ದೊಡ್ಡಿ ಗ್ವಾಡಿ ಬಿತ್ತು, ಟಗರು ಮೈ ಕೊಡವಿ ತಮ್ಮ ತಮ್ಮ ಹಟ್ಟಿ ಹಾದಿ ಹಿಡದ್ವು. ಹುಲ್ಲಾದವರು ಹುಲ್ಲಾಗೇ ಉಳದ್ರು, ಗೊಂಬಿ ಗೊಂಬಿಯಾಗೇ. ಆದ್ರ ದೂರ ಬಯಲಿನಾಗ ಒಂದೊಂದಾಗಿ ಕುರಿ ಕರಿಯೋ ದನಿ ಎದ್ವು. ನಾ ನೆಲಕ್ಕ ಕೂತು ಅತ್ತೆ, ಮತ್ತ ಎದ್ದು ಓಡಿದೆ, ಅವ್ವಗ ಹೇಳಬೇಕು, ಆಯಿಗೆ ಹೇಳಬೇಕು ಅಂತ.

ಹಟ್ಟಿಯವರೆಲ್ಲಾ ಎದುರು ಬಂದ್ರು. ನಾ ಮುಳ್ಳಬೇಲಿ ಒಳಗ ಹೋದೆ, ಬೋರಿ ಬಂದಳು. ಗುಡುಗ ಬೇಲಿ ಬಾಯಾಗ ನಿಂತಿತು. ಹುರಳಿ ತೋರ್ಸಿದ್ವಿ. ಜಗ್ಗಿದ್ವಿ. ಹಿಂದಿಂದ ನೂಕಿದ್ವಿ. ಒಳಗ ಬೆದಿಗೆ ಬಂದ ಕುರಿ ಒದರಾಕತ್ತಾವ, ಅದು ಮಾತ್ರ ನಾಲ್ಕೂ ಕಾಲು ಊರಿ ನನ್ನನ್ನ ನೋಡ್ಕೊಂತ ನಿಂತೈತಿ.

ಆಯಿ ಟಗರು ನೋಡಿದಳು, ನನ್ನ ನೋಡಿದಳು. "ಏನ್ ಅಂದು ಬಂದಿಯೋ ಲಗ್ಮ್ಯಾ?"

ಹೇಳಿದೆ. ಯಾರೂ ಬೈಲಿಲ್ಲ. ಅವ್ವ ಬಾಯಿಗೆ ಸೆರಗು ಹಿಡಕೊಂಡಳು. ಆಯಿ ನನ್ನ ತುಪ್ಪಟ ಹುಟ್ಟಿದ ಕೈ ತನ್ನ ಕೈಯಾಗ ತಗೊಂಡಳು. "ಪುಣ್ಯದ ಕೆಲಸ ಮಾಡಿದಿ ನನ್ನಪ್ಪಾ. ಆದ್ರ ಟಗರಿಗೆ ಹೆಂಗ ತಿಳಿಸಿ ಹೇಳೂನು?"

ಬ್ಯಾರೆ ಹಟ್ಟಿಗೆ ಹೋದ್ರ? ಅಲ್ಲೂ ಟಗರು ಅದಾವಲ್ಲ. ಕಂಬಳಿ ತಗೊಂಡೆ, ಬೇಲಿ ದಾಟಿದೆ. ಗುಡುಗ ನನ್ನ ಮೊಣಕಾಲಿಗೆ ಮೈ ತಿಕ್ಕಿ, ನನ್ನ ದಾಟಿ, ಒಳಗ ಹೋತು.

ಅದ, ಅಲ್ಲೆ ಹೊಗಿ ಕಾಣಾಕತ್ತೈತಲ್ಲ, ಅದು ನಮ್ಮ ಹಟ್ಟಿ. ನಗು ಕೇಳತೈತಿ? ಅಲ್ಲೆ ಎಲ್ಲಾರೂ ಸುಖವಾಗಿ ಅದಾರ, ಖರೇನ ಅದಾರ. ಮುಂದಿನ ಮಳಿಗೆ ಕರಿ ಮರಿ ಬೀಳ್ತಾವು. ಈಗ ಅಪ್ಪ ಬೇಲೀತನಾ ಬಂದು ರೊಟ್ಟಿ ಚಾಚಿದ. ದನಿ ಬಂದೈತಿ ಅವಗ, ತಿನ್ನು ಮಗನ ಅಂದ, ನಾ ತಿನ್ನೂತನಾ ಬೇಲಿ ಹಿಡಕೊಂಡು ನಿಂತಿದ್ದ, ಅಂಗೈಗೆ ಮುಳ್ಳು ಚುಚ್ಚಿದ್ರೂ ಬಿಡಲಿಲ್ಲ.

ನೀವು ನಾಕು ನಾಡು ತಿರುಗಿದವರು, ಹೇಳ್ರಿ ಅಣ್ಣಾರ. ಹಗ್ಗ ನಿಮ್ಮ ಕೈಯಾಗ ಇದ್ದು, ಅವ ಎದುರಿಗೆ ಕೈ ಮುಗದು ಮೂರನೇ ಸಲ ಕೇಳಿದ್ರ, ನೀವು ಏನ್ ಮಾಡ್ತಿದ್ರಿ?