ಬಾಣಸಿಗನ ಕಫದ ಡಬ್ಬಿ

ಬಾಣಸಿಗನಿಗೆ ಕ್ಷಯವಂತೆ ಎಂಬ ಸುದ್ದಿ ಹಬ್ಬಿದ ದಿನ ಅರ್ಧ ಜೈಲು ತಟ್ಟೆ ಮುಟ್ಟಲಿಲ್ಲ. ಅವನಿಗೆ ಕ್ಷಯವೇ ಇಲ್ಲವಂತೆ ಎಂಬ ಸುದ್ದಿ ಬಂದ ದಿನ ಗಲಾಟೆ ಇನ್ನೂ ಜೋರಾಯಿತು.

ಆ ಎರಡನೆಯ ಸುದ್ದಿಯನ್ನು ಹೊತ್ತು ಜೈಲಿನ ಡಾಕ್ಟರು ಅಕ್ಕಾವ್ರ ಕೋಣೆಗೆ ಬಂದಾಗ ಮೀಸೆಯಣ್ಣ ಬಾಗಿಲ ಬಳಿಯೇ ಕುಳಿತಿದ್ದ. ಅವನು ಹಿರಿಯ ವಾರ್ಡರ್. ಕೈದಿಗಳನ್ನು ಊರಿನ ಆಸ್ಪತ್ರೆಗೆ ಕರೆದೊಯ್ದು ತರುವುದು ಅವನ ಕೆಲಸ. ಯಾರನ್ನು, ಯಾವತ್ತು, ಯಾವ ವೈದ್ಯರ ಹತ್ತಿರ ಎಂಬುದನ್ನು ಗೊತ್ತುಮಾಡುವುದು ಅಕ್ಕಾವ್ರ ಕೆಲಸ. ಕೋರ್ಟಿನ ಅನುಮತಿ ತರಿಸುವುದು, ವ್ಯಾನು ಹೊಂದಿಸುವುದು, ಆಸ್ಪತ್ರೆಯವರು ಹೇಳಿದ್ದನ್ನು ಕೈದಿಗೆ ಅವನ ಮಾತಿನಲ್ಲೇ ಬಿಡಿಸಿ ಹೇಳುವುದು, ಹೊರಗೆ ಕಾಯುತ್ತಿರುವ ಹೆಂಡತಿಗೋ ತಾಯಿಗೋ ಫೋನು ಮಾಡುವುದು, ಎಲ್ಲವೂ ಅವರ ತಲೆಗೇ. ಮೊದಲು ನರ್ಸ್ ಆಗಿದ್ದವರು. ಜೈಲಿನ ಆವರಣದ ಕ್ವಾರ್ಟರ್ಸಿನಲ್ಲೇ ಅವರ ವಾಸ. ಒಳಗೆ ಏನಾದರೂ ಕಳುವಾದರೆ, ಯಾರ ತಲೆಯಾದರೂ ಒಡೆದರೆ, ಸೂಪರಿಂಟೆಂಡೆಂಟ್ ಸಾಹೇಬರು ಮೊದಲು ಬೈಯುತ್ತಿದ್ದುದು ವಾರ್ಡರ್‌ಗಳನ್ನು, ಆಮೇಲೆ ಹೇಳಿ ಕಳಿಸುತ್ತಿದ್ದುದು ಅಕ್ಕಾವ್ರಿಗೆ.

"ಎಕ್ಸ್‌ರೇ ಸ್ವಚ್ಛ. ಆಸ್ಪತ್ರೆಯಲ್ಲಿ ಮತ್ತೆ ತೆಗೆದ ಕಫವೂ ಸ್ವಚ್ಛ," ಎಂದರು ಡಾಕ್ಟರು, ಕುರ್ಚಿ ಎಳೆದುಕೊಳ್ಳುತ್ತ. "ಹಾಗಾದ್ರೆ ಇಲ್ಲಿಂದ ಅವನ ಹೆಸರಲ್ಲಿ ಹೋದ ಕಫ ಯಾರದು?"

"ಲ್ಯಾಬಿನವರು ಎಡವಿರಬಹುದಲ್ಲ?" ಎಂದರು ಅಕ್ಕಾವ್ರು.

"ವಿಚಾರಿಸಿದೆ. ಅವತ್ತು ಅಲ್ಲಿಗೆ ಬಂದಿದ್ದು ನಮ್ಮ ಡಬ್ಬಿಗಳು ಮಾತ್ರ, ಅವನ್ನೂ ಒಂದೊಂದಾಗೇ ತೆರೆದು ನೋಡಿದ್ರಂತೆ. ತಪ್ಪು ಆಗಿದ್ರೆ ಇಲ್ಲೇ ಆಗಿದೆ. ಸಾಹೇಬರಂತೂ ತೀರ್ಪು ಕೊಟ್ಟಾಗಿದೆ. ಅಡುಗೆಮನೆ ಸಹಾಯಕನನ್ನ ಒಂಟಿ ಕೋಣೆಗೆ ಹಾಕಿದ್ದಾರೆ."

ಮೀಸೆಯಣ್ಣನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಬಾಣಸಿಗನಿಗೂ ಅವನ ಸಹಾಯಕನಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂಬುದು ಇಡೀ ಜೈಲಿಗೇ ಗೊತ್ತು. ಬಾಣಸಿಗ ಹೋದರೆ ಸೌಟು ಸಹಾಯಕನ ಕೈಗೆ ಬರುತ್ತಿತ್ತು, ಬಂದೂ ಇತ್ತು. ಸಾಲದ್ದಕ್ಕೆ ಕಫ ಪರೀಕ್ಷೆಯ ಬೆಳಿಗ್ಗೆ ಆತ ಚಿಕಿತ್ಸಾಲಯದ ಅಂಗಳದ ಬಾಗಿಲಿಗೆ ಬಂದು, "ಹಂಡೆ ತಳ ಹಿಡೀತಿದೆ, ಬಾರಯ್ಯ," ಎಂದು ಬಾಣಸಿಗನನ್ನು ಕೂಗಿದ್ದನ್ನು ಎಲ್ಲರೂ ಕಂಡಿದ್ದರು.

"ಅವನೇ ಇರಬೇಕು ಬಿಡಿ ಅಕ್ಕಾವ್ರೇ," ಎಂದ ಮೀಸೆಯಣ್ಣ.

ಅಕ್ಕಾವ್ರು ಎದ್ದರು. "ಡಬ್ಬಿ ಎಲ್ಲಿ ಕೊಟ್ರು, ಎಲ್ಲಿ ತಗೊಂಡ್ರು, ತೋರ್ಸಿ ನಡೀರಿ."

ಜೈಲಿನ ಚಿಕಿತ್ಸಾಲಯದ ಹಿಂದೆ ಒಂದು ಬಯಲು ಅಂಗಳ. ಕಫ ಕೊಡುವವರು ಗೋಡೆಯ ಕಡೆ ಮುಖ ಮಾಡಿ ಕೆಮ್ಮಿ, ಡಬ್ಬಿಯನ್ನು ತಂದು ಕಿಟಕಿಯ ಕಟ್ಟೆ ಮೇಲಿನ ತಟ್ಟೆಯಲ್ಲಿ ಇಡಬೇಕು. ಅವತ್ತು ಅಲ್ಲಿದ್ದವರು ನಾಲ್ವರು. ಅಡುಗೆಮನೆಯವರನ್ನು ಸರದಿಯಂತೆ ಪರೀಕ್ಷಿಸುವುದು ರೂಢಿಯಾದ್ದರಿಂದ ಬಂದಿದ್ದ ಬಾಣಸಿಗ. ಬಹಳ ದಿನದ ಕೆಮ್ಮಿನ ಕಾರಣಕ್ಕೆ ಡಾಕ್ಟರೇ ಕರೆಸಿದ್ದ ಕ್ಷೌರಿಕ, ಬಡಗಿ ಮತ್ತು ದರ್ಜಿ. ಕಾಂಪೌಂಡರ್ ಡಬ್ಬಿ ಹಂಚಿ ಒಳಗೆ ಹೋಗಿದ್ದ.

"ಯಾಕೆ ಒಳಗೆ ಹೋದ್ರಿ?" ಎಂದು ಕೇಳಿದರು ಅಕ್ಕಾವ್ರು.

"ಕೆಮ್ಮೋರ ಮುಂದೆ ನಿಂತ್ಕೊಂಡು ಏನು ಮಾಡ್ಲಿ? ನನಗೂ ಹೆಂಡ್ತಿ ಮಕ್ಳು ಇದ್ದಾರೆ," ಎಂದ ಕಾಂಪೌಂಡರ್. ಮೀಸೆಯಣ್ಣನಿಗೆ ಅದು ನ್ಯಾಯವಾಗಿಯೇ ಕಂಡಿತು. "ಬಾಣಸಿಗ ಮೊದಲು ಡಬ್ಬಿ ಇಟ್ಟು ಓಡಿದನಂತೆ. ಉಳಿದೋರು ನಿಧಾನಕ್ಕೆ ಇಟ್ಟು ಹೋದ್ರಂತೆ. ನಾನು ಬಂದಾಗ ನಾಲ್ಕೂ ಸಾಲಾಗಿ ಇದ್ವು."

"ಒಂದು ಹೊಸ ಡಬ್ಬಿಗೆ ಅವತ್ತಿನ ಥರಾನೇ ಗುರುತು ಹಾಕಿ ಕೊಡಿ."

ಕಾಂಪೌಂಡರ್ ಕಪ್ಪು ಪೆನ್ನು ತೆಗೆದು ಡಬ್ಬಿಯ ಬಿಳಿ ಮುಚ್ಚಳದ ಮೇಲೆ ದೊಡ್ಡದಾಗಿ ಕೈದಿಯ ಸಂಖ್ಯೆ ಬರೆದು ಕೊಟ್ಟ. ಅಕ್ಕಾವ್ರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸೆರಗಿನ ಮರೆಯಲ್ಲಿ ಹಿಡಿದುಕೊಂಡರು.

ಆಮೇಲೆ ಅವರು ಬಾಣಸಿಗನನ್ನು ಬಿಟ್ಟು ಉಳಿದ ಮೂವರನ್ನೂ ಒಬ್ಬೊಬ್ಬರಾಗಿ ತಮ್ಮ ಕಿಟಕಿಗೆ ಕರೆಸಿದರು. ಬೇರೆ ಬೇರೆ ನೆಪ, ಬೇರೆ ಬೇರೆ ಮಾತು.

ಕ್ಷೌರಿಕ ಬಂದವನೇ ಕಂಬಿಗಳ ನಡುವೆ ಮೂಗು ತೂರಿಸಿದ. "ನನ್ನ ಕೆಮ್ಮಿಗೆ ಆಸ್ಪತ್ರೆ ಇಲ್ವಾ ಅಕ್ಕಾವ್ರೇ? ಹೋದ ವಾರಾನೂ ಕೇಳಿದೆ, ಅದರ ಹಿಂದಿನ ವಾರಾನೂ ಕೇಳಿದೆ. ಆ ಬಾಣಸಿಗನ ಅದೃಷ್ಟ ನೋಡಿ, ಕೆಮ್ಮದೇನೇ ಊರು ಸುತ್ತಿ ಬಂದ."

ಬಡಗಿಗೆ ಬಿಡುಗಡೆ ಹತ್ತಿರವಾಗಿತ್ತು. "ಮರದ ಪುಡಿ ಕೆಮ್ಮು ಇದು, ನನ್ನಪ್ಪನಿಗೂ ಇತ್ತು," ಎಂದ. ಏಣಿಯಿಂದ ಬಿದ್ದು ಜಖಂ ಆಗಿದ್ದ ಪಕ್ಕೆಲುಬು ಈಗ ಹೇಗಿದೆ ಎಂದು ಅಕ್ಕಾವ್ರು ಕೇಳಿದರು. ಮಳೆ ಮೋಡ ಕಂಡರೆ ನೋಯುತ್ತದೆ ಎಂದ.

ದರ್ಜಿ ಕಡೆಗೆ ಬಂದ. ಜೈಲಿನ ಹೊಲಿಗೆ ವಿಭಾಗದಲ್ಲಿ ಅವನ ಕೈಕೆಲಸಕ್ಕೆ ಹೆಸರಿತ್ತು. ಎಲ್ಲ ಕೈದಿಗಳ ಅಂಗಿಯೂ ಗೂಟಕ್ಕೆ ನೇತುಹಾಕಿದಂತೆ ಜೋಲಾಡುತ್ತಿದ್ದರೆ ಅವನದು ಮಾತ್ರ ಅಳತೆ ಕೊಟ್ಟು ಹೊಲಿಸಿದಂತಿತ್ತು. ಅವನು ಕಿಟಕಿಯಿಂದ ಒಂದು ಮಾರು ದೂರದಲ್ಲಿ, ಮುಖವನ್ನು ಒಂದು ಕಡೆಗೆ ತಿರುಗಿಸಿ ನಿಂತ. ಅವನಿಗೆ ತನ್ನ ಕೆಮ್ಮಿನ ಮಾತೇ ಬೇಕಿರಲಿಲ್ಲ.

"ನನ್ನ ತಮ್ಮನ ಮೂರ್ಛೆ ಮಾತ್ರೆ ಮುಗೀತಾ ಬಂದಿದೆ ಅಕ್ಕಾವ್ರೇ. ತರಿಸ್ತೀರಲ್ಲ?"

ಒಂದೇ ಜಗಳದ ಕೇಸಿನಲ್ಲಿ ಅಣ್ಣತಮ್ಮ ಇಬ್ಬರೂ ಒಳಗೆ ಬಂದಿದ್ದರು. ಇದ್ದುದು ಒಂದೇ ಬ್ಯಾರಕ್ಕಿನಲ್ಲಿ. ತಮ್ಮನನ್ನು ಒಮ್ಮೆ ಒಂಟಿಯಾಗಿ ಆಸ್ಪತ್ರೆಗೆ ಕಳಿಸಿದಾಗ ವ್ಯಾನಿನಲ್ಲೇ ಮೂರ್ಛೆ ಬಂದಿತ್ತು. ಜೊತೆಗಿದ್ದ ಹೊಸ ವಾರ್ಡರ್‌ಗಳು ನಾಟಕವೆಂದು ತಿಳಿದು ಅವನನ್ನು ಮುಖ ಕೆಳಗೆ ಮಾಡಿ ಅದುಮಿ ಹಿಡಿದಿದ್ದರು. ಮುಂದಿನ ಎರಡು ಹಲ್ಲು ಹೋಗಿದ್ದವು. ಅಂದಿನಿಂದ ಅಣ್ಣ ಅವನ ನೆರಳಾಗಿದ್ದ.

"ತರಿಸ್ತೀನಿ," ಎಂದರು ಅಕ್ಕಾವ್ರು. "ಇನ್ನೇನಾದ್ರೂ ಹೇಳೋದಿದ್ಯಾ ನಿನಗೆ?"

"ಇಲ್ಲ." ಹೋಗುವವನು ತಿರುಗಿ ನಿಂತ. "ಆ ಅಡುಗೆ ಸಹಾಯಕನ್ನ ಬಿಡ್ತಾರಂತಾ?"

"ನಾಳೆ ಸಂಜೆವರೆಗೂ ನಾನು ಇಲ್ಲೇ ಇರ್ತೀನಿ. ಯಾರಿಗೆ ಏನು ಹೇಳೋದಿದ್ರೂ ಬರಬಹುದು," ಎಂದಷ್ಟೇ ಹೇಳಿದರು ಅಕ್ಕಾವ್ರು.

ಮರುದಿನ ಅವರು ಊಟಕ್ಕೂ ಕೋಣೆ ಬಿಟ್ಟು ಏಳಲಿಲ್ಲ. ಯಾರೂ ಬರಲಿಲ್ಲ. ಸಂಜೆ ಅವರು ಬೇಸರದಿಂದಲೇ ಎದ್ದು, "ಸಾಹೇಬರಿಗೆ ಹೇಳಿ. ಎಲ್ಲರೂ ಹಿಂದಿನ ಅಂಗಳಕ್ಕೆ ಬರ್ಲಿ, ಮೂಗಿಗೆ ಮಾಸ್ಕ್ ಹಾಕ್ಕೊಂಡು ಬರ್ಲಿ," ಎಂದರು. ಅಪರಾಧಿ ಸಿಗದೆ ಸಹಾಯಕನನ್ನು ಬಿಡುವುದಿಲ್ಲವೆಂದು ಸಾಹೇಬರು ಹಟ ಹಿಡಿದಿದ್ದರು.

ಬಯಲಲ್ಲಿ ಬೆಂಚು ಹಾಕಿಸಿದ್ದಾಯಿತು. ಸಾಹೇಬರು, ಡಾಕ್ಟರು, ಕಾಂಪೌಂಡರ್ ಒಂದು ಕಡೆ. ಬಾಣಸಿಗ, ಒಂಟಿ ಕೋಣೆಯಿಂದ ಕಣ್ಣುಜ್ಜುತ್ತ ಬಂದ ಸಹಾಯಕ, ಕ್ಷೌರಿಕ, ಬಡಗಿ, ದರ್ಜಿ ಇನ್ನೊಂದು ಕಡೆ. ಮೀಸೆಯಣ್ಣ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

"ನಾವೆಲ್ಲ ಕೇಳಿದ ಪ್ರಶ್ನೆಯೇ ತಪ್ಪು," ಎಂದು ಶುರು ಮಾಡಿದರು ಅಕ್ಕಾವ್ರು. "ಬಾಣಸಿಗನಿಗೆ ರೋಗ ಇದೆ ಅನ್ನಿಸಬೇಕು ಅಂತ ಯಾರಿಗಿತ್ತು ಅಂತ ಕೇಳಿದ್ವಿ. ಹಾಗೆ ಕೇಳಿದ್ರೆ ಸಹಾಯಕನೇ ಕಾಣ್ತಾನೆ. ಆದರೆ ಅವನ ಹತ್ರ ರೋಗದ ಕಫ ಎಲ್ಲಿತ್ತು? ಅವನು ದೂರದಿಂದ ಕೂಗಿ ಹೋದ. ಸಂತೆಯಲ್ಲಿ ಕೊಳ್ಳೋ ವಸ್ತುವಾ ಅದು?"

ಸಹಾಯಕ ಮೊದಲ ಬಾರಿ ತಲೆ ಎತ್ತಿದ.

"ಆ ಕಫ ಈ ಅಂಗಳದಲ್ಲಿ ಕೆಮ್ಮಿದೋರದ್ದೇ. ಡಬ್ಬಿ ನಾಲ್ಕಿದ್ವು, ನಾಲ್ಕೇ ಹೋದ್ವು. ಅಂದ್ರೆ ರೋಗಿಯ ಕಫ ಬಾಣಸಿಗನ ಹೆಸರಲ್ಲಿ ಹೋಯ್ತು, ಬಾಣಸಿಗನ ಕಫ ರೋಗಿಯ ಹೆಸರಲ್ಲಿ ಹೋಯ್ತು. ಈಗ ಪ್ರಶ್ನೆ ತಿರುಗಿಸಿ. ತನಗೆ ರೋಗ ಇಲ್ಲ ಅಂತ ಬರಬೇಕು ಅನ್ನೋ ಆಸೆ ಯಾರಿಗಿತ್ತು?"

"ಕಫಾನ ಡಬ್ಬಿಯಿಂದ ಡಬ್ಬಿಗೆ ಸುರಿಯೋಕಾಗುತ್ತಾ?" ಎಂದರು ಸಾಹೇಬರು.

ಅಕ್ಕಾವ್ರು ಎರಡು ಖಾಲಿ ಡಬ್ಬಿ ತೆಗೆದು ಬೆಂಚಿನ ಮೇಲಿಟ್ಟರು. ಎರಡರ ಮುಚ್ಚಳವನ್ನೂ ತಿರುಚಿ ತೆಗೆದು, ಅದರದನ್ನು ಇದಕ್ಕೆ, ಇದರದನ್ನು ಅದಕ್ಕೆ ಹಾಕಿದರು. "ಸಂಖ್ಯೆ ಇರೋದು ಮುಚ್ಚಳದ ಮೇಲೆ ಮಾತ್ರ. ಡಬ್ಬಿ ಮೈಮೇಲೆ ಏನೂ ಇಲ್ಲ. ಮೊದಲು ಇಟ್ಟು ಓಡಿದ ಬಾಣಸಿಗನ ಡಬ್ಬಿ ಅಲ್ಲಿ ಕಾಯೋರಿಲ್ಲದೆ ಕೂತಿತ್ತು."

ಕಾಂಪೌಂಡರ್ ತನ್ನ ಪಾದ ನೋಡಿಕೊಂಡ. ಬಾಣಸಿಗ, "ನನ್ನ ಉಗುಳಿಗೂ ಕಳ್ಳರಿದ್ದಾರೆ ಅಂತ ಗೊತ್ತಿರ್ಲಿಲ್ಲ," ಎಂದ. ಯಾರೋ ನಕ್ಕರು.

"ಉಳಿದೋರು ಮೂವರು. ಕ್ಷೌರಿಕನಿಗೆ ಆಸ್ಪತ್ರೆ ಅಂದ್ರೆ ಪ್ರವಾಸ. ವಾರ ವಾರ ನನ್ನ ಕಿಟಕಿಗೆ ಜೋತು ಬೀಳೋನು, ಕೈಗೆ ಬಂದ ಕ್ಷಯಾನ ಇನ್ನೊಬ್ಬನಿಗೆ ದಾನ ಮಾಡ್ತಾನಾ? ಬಡಗಿಗೆ ಪಕ್ಕೆಲುಬು ಜಖಂ ಆಗಿ ಇತ್ತೀಚೆಗಷ್ಟೇ ಎದೆಯ ಎಕ್ಸ್‌ರೇ ಆಗಿದೆ. ಶ್ವಾಸಕೋಶದಲ್ಲಿ ಚುಕ್ಕೆಯೂ ಇರಲಿಲ್ಲ. ಅವನ ಕೆಮ್ಮು ಮರದ ಪುಡಿಯದ್ದೇ." ಅವರು ಅಲ್ಲಿಗೆ ನಿಲ್ಲಿಸಿದರು. "ಇಲ್ಲಿಂದ ಮುಂದೆ ಹೇಳೋದು ನನ್ನ ಕೆಲಸ ಅಲ್ಲ. ರೋಗ ಅವನದು. ಅವನಿಗೆ ಹೇಳ್ಬೇಕು ಅನ್ನಿಸಿದ್ರೆ ಹೇಳ್ತಾನೆ. ನಾನು ಒಂದು ದಿನ ಕಾದೆ."

ಅಂಗಳದಲ್ಲಿ ಎಲ್ಲರೂ ನೆಲ ನೋಡುತ್ತಿದ್ದರು. ದರ್ಜಿ ಎದ್ದು ನಿಂತ.

"ನಾನೇ," ಎಂದ. ಆಮೇಲೆ ಸಹಾಯಕನ ಕಡೆ ತಿರುಗಿ, "ನಿನ್ನ ತಲೆಗೆ ಬರುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಬಾಣಸಿಗ ಗಟ್ಟಿಮುಟ್ಟಾಗಿದ್ದಾನೆ, ಇನ್ನೊಂದು ಸಲ ನೋಡಿ ಬಿಟ್ಬಿಡ್ತಾರೆ ಅಂದ್ಕೊಂಡೆ," ಎಂದ. ದರ್ಜಿ ಅಕ್ಕಾವ್ರನ್ನು ನೋಡಿದ. "ನಿಮಗೆ ಹೇಗೆ ಗೊತ್ತಾಯ್ತು?"

"ನಿನ್ನ ಅಂಗಿಯಿಂದ. ಕೊಟ್ಟ ಅಂಗಿ ಎಲ್ಲರಿಗೂ ದೊಗಳೆ. ನಿನ್ನದರ ಪಕ್ಕದಲ್ಲಿ ಒಂದು ಹಳೇ ಹೊಲಿಗೆ, ಅದರ ಒಳಗೆ ಇನ್ನೊಂದು ಹೊಸ ಹೊಲಿಗೆ. ಇಳೀತಿರೋ ಮೈನ ಅಂಗಿಯಲ್ಲಿ ಮುಚ್ತಿದ್ದೆ. ಇನ್ನೊಂದು, ಎಲ್ಲರೂ ನನ್ನ ಕಂಬಿಗೆ ಮುಖ ಒತ್ತಿ ಮಾತಾಡ್ತಾರೆ. ನೀನು ದೂರ ನಿಂತೆ, ಮುಖ ತಿರುಗಿಸಿದೆ. ನಿನ್ನ ಉಸಿರು ನನಗೆ ತಾಗಬಾರದು ಅನ್ನೋ ಕಾಳಜಿ. ರೋಗ ಇದೆ ಅಂತ ಗೊತ್ತಿಲ್ಲದೋನಿಗೆ ಆ ಕಾಳಜಿ ಬರಲ್ಲ."

"ಗೊತ್ತಿತ್ತು," ಎಂದ ದರ್ಜಿ. "ನಮ್ಮಪ್ಪ ಹೋಗಿದ್ದು ಇದರಲ್ಲೇ. ಹೇಳಿದ್ರೆ ನನ್ನ ಬೇರೆ ಕೋಣೆಗೆ ಹಾಕ್ತೀರ. ನನ್ನ ತಮ್ಮ ಬಿದ್ರೆ ಯಾರು ಹಿಡೀತಾರೆ? ಹೋದ ಸಲ ಹಿಡಿದಿದ್ದು ನೆನಪಿದ್ಯಲ್ಲ ನಿಮಗೆ?"

ಸಾಹೇಬರು ಕೆಮ್ಮಲು ಹೋಗಿ ತಡೆದುಕೊಂಡರು.

"ಅವನ ಪಕ್ಕದಲ್ಲೇ ಮಲಗಿ, ಅವನಿಗೇ ಹಚ್ತೀಯಲ್ಲೋ," ಎಂದರು ಅಕ್ಕಾವ್ರು. ಅವರ ದನಿ ಏರಲಿಲ್ಲ. "ಕ್ಷಯದ ಮಾತ್ರೆ ಮೂರ್ಛೆ ಮಾತ್ರೆಯ ಬಲ ಕುಗ್ಗಿಸಬಹುದು. ಅವನಿಗೂ ಈ ರೋಗ ಬಂದ್ರೆ ಮೂರ್ಛೆ ಹಿಡಿತಕ್ಕೆ ತರೋದು ಕಷ್ಟ ಆಗುತ್ತೆ. ಆಮೇಲೆ ಹಿಡಿಯೋಕೆ ನೀನೂ ಇರಲ್ಲ."

ದರ್ಜಿ ಕುಳಿತುಬಿಟ್ಟ. ಈ ಮಾತನ್ನು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲವೆಂಬುದು ಮೀಸೆಯಣ್ಣನಿಗೆ ಅವನ ಮುಖ ನೋಡಿದರೇ ತಿಳಿಯಿತು.

"ಇವನಿಗೆ ಏನು ಶಿಕ್ಷೆ?" ಎಂದರು ಸಾಹೇಬರು, ಯಾರನ್ನೂ ನೋಡದೆ.

"ಶಿಕ್ಷೆ ಕೊಡಿ ಸಾರ್. ಆಮೇಲೆ ಮುಂದಿನ ರೋಗಿ ಇವನಿಗಿಂತ ಚೆನ್ನಾಗಿ ಅಡಗಿಕೊಳ್ತಾನೆ."

ಸಾಹೇಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಸಹಾಯಕನ ಒಂಟಿ ಕೋಣೆ ರದ್ದು. ಉಳಿದದ್ದು ನೀವೂ ಡಾಕ್ಟರೂ ನೋಡ್ಕೊಳ್ಳಿ," ಎಂದು ಎದ್ದರು.

ಉಳಿದದ್ದೇ ಬಹಳವಿತ್ತು. ದರ್ಜಿಗೆ ಅಂಗಳದ ಆಚೆ ಬದಿಯ ಪ್ರತ್ಯೇಕ ಕೋಣೆ ಸಿಕ್ಕಿತು. ಮಾತ್ರೆ ಶುರುವಾಗಿ ಕೆಲವು ವಾರಗಳಾದ ಮೇಲೆ ಪರೀಕ್ಷೆ ಮಾಡಿ, ಹರಡುವ ಭಯವಿಲ್ಲವೆಂದು ಖಚಿತವಾದರೆ ಬ್ಯಾರಕ್ಕಿಗೆ ಮರಳಬಹುದೆಂದು ಡಾಕ್ಟರು ಹೇಳಿದರು. ಬ್ಯಾರಕ್ಕಿನವರಿಗೆಲ್ಲ ತಪಾಸಣೆಯಾಯಿತು. ಇನ್ನೊಬ್ಬ ರೋಗಿ ಸಿಕ್ಕ, ತಮ್ಮ ಅಲ್ಲ. ತಮ್ಮನಿಗಾಗಿ ಅಕ್ಕಾವ್ರು ಆಸ್ಪತ್ರೆಯ ನರರೋಗ ವೈದ್ಯರ ಜೊತೆ ಫೋನಿನಲ್ಲಿ ಜಗಳವಾಡಿ ಬೇಗ ದಿನ ಗೊತ್ತುಮಾಡಿದರು. ಬೆಂಗಾವಲಿಗೆ ಮೀಸೆಯಣ್ಣನೇ ಹೋದ.

ಅದಕ್ಕಿಂತ ಮೊದಲು ಅಕ್ಕಾವ್ರು ಬ್ಯಾರಕ್ಕಿನವರನ್ನೂ ಹೊಸ ವಾರ್ಡರ್‌ಗಳನ್ನೂ ಸೇರಿಸಿ ಪಾಠ ಮಾಡಿದರು. ಬಾಣಸಿಗನನ್ನೇ ನೆಲದ ಮೇಲೆ ಮಲಗಿಸಿ, ಮೂರ್ಛೆ ಬಂದವನನ್ನು ಹೇಗೆ ಪಕ್ಕಕ್ಕೆ ಹೊರಳಿಸಬೇಕು, ತಲೆಯ ಕೆಳಗೆ ಏನಿಡಬೇಕು, ಬಾಯಿಗೆ ಯಾಕೆ ಏನನ್ನೂ ತುರುಕಬಾರದು, ಕೈಕಾಲು ಯಾಕೆ ಅದುಮಬಾರದು ಎಂದು ತೋರಿಸಿಕೊಟ್ಟರು. ಅವನನ್ನು ಹೊರಳಿಸಲು ಮೂವರು ಬೇಕಾಯಿತು.

ಒಂದು ಮಧ್ಯಾಹ್ನ ಕೈದಿಗಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ತಮ್ಮ ಬಿದ್ದ. ಆಚೆಯ ಕೋಣೆಯ ಕಿಟಕಿಯಲ್ಲಿ ದರ್ಜಿ ಕಂಬಿ ಹಿಡಿದು ಎದ್ದು ನಿಂತದ್ದು ಮೀಸೆಯಣ್ಣನಿಗೆ ಕಂಡಿತು. ಅಷ್ಟರಲ್ಲಿ ಅಡುಗೆಮನೆಯ ಸಹಾಯಕ ಬಕೆಟ್ಟು ಬಿಟ್ಟು ಓಡಿಬಂದು ಮೊಣಕಾಲೂರಿದ. ಕ್ಷೌರಿಕ ತನ್ನ ಹೆಗಲ ಬಟ್ಟೆ ಮಡಿಸಿ ತಲೆಯ ಕೆಳಗೆ ಕೊಟ್ಟ. ಮೆಲ್ಲಗೆ ಪಕ್ಕಕ್ಕೆ ಹೊರಳಿಸಿ, ಕೈಬಿಟ್ಟು, ಸುಮ್ಮನೆ ಪಕ್ಕದಲ್ಲಿ ಕುಳಿತರು. ಸೆಳೆತ ನಿಲ್ಲುವವರೆಗೂ ಯಾರೂ ಅವನನ್ನು ಅದುಮಲಿಲ್ಲ.

ಮೀಸೆಯಣ್ಣ ತಲೆಯೆತ್ತಿ ಆಚೆ ನೋಡಿದ. ದರ್ಜಿ ಕಂಬಿ ಬಿಟ್ಟು, ನಿಧಾನಕ್ಕೆ ಮಂಚದ ಮೇಲೆ ಕುಳಿತುಕೊಳ್ಳುತ್ತಿದ್ದ.