ಅಡೆ ಹಾಕಿದ ಮುತ್ತುಗ

“ಟಣ್! ಟಣ್! ಟಣ್!”

ನೀರಜಾ ಇವತ್ತೂ ಗಂಟೆ ಹೊಡೆಯುತ್ತಿದ್ದಳು. ಗಂಟೆ ಅಂದರೆ ನಿಜವಾದ ಗಂಟೆಯಲ್ಲ. ಶಾಲೆಯ ಮುಂದಿನ ಬೇವಿನ ಮರಕ್ಕೆ ತೂಗುಹಾಕಿದ ರೈಲು ಕಂಬಿಯ ತುಂಡು. ಹೊಡೆಯಲು ಒಂದು ಕಬ್ಬಿಣದ ಸರಳು. ಹೊಡೆದರೆ ಮೊಣಕೈವರೆಗೂ ಜುಮ್ಮೆನ್ನುತ್ತದೆಯಂತೆ. ಜಂಬವ್ವನಿಗೆ ಅದು ಗೊತ್ತಿಲ್ಲ. ಅವಳ ಕೈಗೆ ಆ ಸರಳು ಒಮ್ಮೆಯೂ ಬಂದಿರಲಿಲ್ಲ.

“ಜಂಬೀ, ಇವತ್ತೂ ನಿಂದಲ್ಲ ಬಿಡು,” ಎಂದ ಪಕ್ಕದಲ್ಲಿ ನಿಂತಿದ್ದ ಹುಲುಗಪ್ಪ.

“ನಿನ್ನ ಯಾರು ಕೇಳಿದ್ರಲೇ?”

“ಯಾರೂ ಕೇಳಿಲ್ಲ. ನಿನ್ನ ಮಾರಿ ನೋಡಿ ಹೇಳಿದೆ. ಮೆಣಸಿನಕಾಯಿ ತಿಂದಂಗ ಆಗೈತಿ.”

ಇದೆಲ್ಲ ಶುರುವಾದದ್ದು ಸಂಕ್ರಾಂತಿಯ ಮರುದಿನ. “ಚಳಿ ಹೋಗಿ ಬಿಸಿಲು ಬರೋ ಹೊತ್ತು ಇದು,” ಎಂದಿದ್ದರು ವೆಂಕೋಬ ಮಾಸ್ತರು. “ಗಿಡ, ಹಕ್ಕಿ, ಹುಳ ಎಲ್ಲಾ ಬದಲಾಗ್ತಾವೆ. ಕಣ್ಣು ಬಿಟ್ಟು ನೋಡ್ರಿ. ಹೊಸದೇನಾದ್ರೂ ಎಲ್ಲರಿಗಿಂತ ಮೊದಲು ನೋಡಿ ತಂದವರು ಆ ದಿನದ ಗಂಟೆ ಹೊಡೀಬೇಕು.”

ತಂದದ್ದನ್ನು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದರು. ಈಗ ಆ ಕಟ್ಟೆಯ ಮೇಲೆ ಒಂದು ಕೆಂಪು ಬೂರುಗದ ಹೂವಿತ್ತು. ಅದು ನೀರಜಾ ತಂದದ್ದು. ಹೊಂಗೆಯ ಮಿರಿಮಿರಿ ಚಿಗುರು, ಅದೂ ನೀರಜಾಳದೇ. ಕೆರೆಯ ಹೆಬ್ಬಾತಿನ ಗರಿಯೂ ಅವಳದೇ. ಮೂಲೆಯಲ್ಲಿ ಒಣಗುತ್ತಿದ್ದ ಮಾವಿನ ಹೂವು ಮಾತ್ರ ಹುಲುಗಪ್ಪನದು. ಅದನ್ನೂ ಅವನ ಮಾವ ಕಿತ್ತುಕೊಟ್ಟಿದ್ದ.

ನೀರಜಾ ಈ ಕಮಲಾಪುರದವಳೇ ಅಲ್ಲ. ಅವಳ ಅಪ್ಪ ಕೆರೆ ಕಾಲುವೆ ನೋಡಿಕೊಳ್ಳುವ ಓವರ್ಸಿಯರು. ದಸರೆಯಾದ ಮೇಲೆ ಬಳ್ಳಾರಿಯಿಂದ ವರ್ಗವಾಗಿ ಬಂದಿದ್ದರು. ಬಂದ ಹೊಸದರಲ್ಲಿ ಅವಳು ಜೋಳದ ದಂಟನ್ನು ಕಬ್ಬೆಂದು ಕಚ್ಚಿ, ಎಲ್ಲರಿಂದ ನಗಿಸಿಕೊಂಡಿದ್ದಳು. ಅಂಥವಳಿಗೆ ಎಲ್ಲವೂ ಮೊದಲು ಕಾಣುವುದೆಂದರೇನು?

ಇವತ್ತು ಅವಳು ತಂದದ್ದು ಹಾವಿನ ಪೊರೆ. ಮಾಸ್ತರು ಅದನ್ನು ಎತ್ತಿ ಹಿಡಿದರು. ಬೆಳಕು ಅದರಲ್ಲಿ ತೂರಿ ಬಂತು. ಹುಡುಗರೆಲ್ಲ ‘ಹೋ’ ಎಂದರು.

“ಎಲ್ಲಿ ಸಿಕ್ತು?”

“ಒಂದು ಹಿತ್ತಲ ಗೋಡೆ ಮೇಲೆ ಸರ್. ಬಾಳೆ ತೋಟದ ಪಾಲಪ್ಪ ಅಂತ ಇದ್ದಾರಲ್ಲ, ಅವರ ಮನೆ ಹಿಂದೆ.”

ಜಂಬವ್ವ ಎದ್ದು ನಿಂತಳು. “ಸಾ, ಅದು ನಮ್ಮ ತಾತನ ಮನಿ ರೀ! ನಮ್ಮ ಗ್ವಾಡಿ ಮ್ಯಾಲಿಂದು ಅದು! ಅದನ್ನ ನಾನು ದಿನಾ ನೋಡೀನಿ!”

“ಹೌದಾ? ಮತ್ತೆ ಯಾಕೆ ತರಲಿಲ್ಲ?”

ಜಂಬವ್ವ ಕುಳಿತಳು. ಗೋಡೆ ನಮ್ಮದು, ಹಾವೂ ನಮ್ಮದೇ, ಗಂಟೆ ಮಾತ್ರ ಅವಳದು.

ಮರುದಿನ ಬೆಳಗ್ಗೆ ಜಂಬವ್ವ ಹೊಲಕ್ಕೆ ಹೋದಳು. ಜೋಳ ಕೊಯ್ಲಿಗೆ ಬಂದಿತ್ತು. ಶಾಲೆಗೆ ಹೋಗುವ ಮುಂಚೆ ಹಕ್ಕಿ ಕಾಯುವುದು ಅವಳ ಕೆಲಸ. ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸಬೇಕು. ಕಲ್ಲು ‘ಸುಂಯ್’ ಎಂದು ಹಾರಿದರೆ ಜೋಳದ ಹಕ್ಕಿಗಳ ದಂಡು ಒಟ್ಟಿಗೆ ಎದ್ದು, ಗಾಳಿಯಲ್ಲಿ ಒಂದು ಸುತ್ತು ಸುತ್ತಿ, ಪಕ್ಕದ ಹೊಲಕ್ಕೆ ಇಳಿಯುತ್ತದೆ. ಪಕ್ಕದ ಹೊಲದವರು ಬಾಯಿಗೆ ಬಂದಂತೆ ಬೈಯುತ್ತಾರೆ. ಅಷ್ಟಾದರೆ ಕೆಲಸ ಆದಂತೆ.

ವಾಪಸು ಬರುವಾಗ ಅವಳು ಕೆರೆ ಏರಿಯ ಆಚೆ ಬಂಡೆಗಳ ನಡುವೆ ಹಾದು ಬಂದಳು. ಅಲ್ಲೊಂದು ಮುತ್ತುಗದ ಮರವಿತ್ತು. ಅಜ್ಜಿ ಊಟದ ಎಲೆ ಹಚ್ಚಲು ಇಲ್ಲಿಂದಲೇ ಎಲೆ ಕೊಯ್ಯುತ್ತಿದ್ದಳು. ಈಗ ಎಲೆಯೆಲ್ಲ ಉದುರಿ ಮರ ಬೋಳಾಗಿತ್ತು. ಕೊಂಬೆಗಳ ತುದಿಯಲ್ಲಿ ಮಾತ್ರ ಏನೋ ಕಪ್ಪಗೆ ಕಂಡಿತು.

ಜಂಬವ್ವ ಕೊಂಬೆ ಬಗ್ಗಿಸಿ ನೋಡಿದಳು. ಮೊಗ್ಗು! ಕರಿ ಬೆಕ್ಕಿನ ಪಂಜದಂತೆ ಮೆತ್ತಗೆ, ಸಾಲು ಸಾಲಾಗಿ. ಇನ್ನು ಕೆಲವು ದಿನ ಕಾದರೆ ಹೂವು. ಮುತ್ತುಗದ ಹೂವನ್ನು ಇನ್ನೂ ಯಾರೂ ತಂದಿರಲಿಲ್ಲ. ಗಂಟೆಯ ಸರಳು ಆಗಲೇ ಕೈಯಲ್ಲಿದ್ದಂತೆ ಅವಳ ಬೆರಳು ಮಡಿಚಿಕೊಂಡವು.

ಆಗ ನೆಲದ ಕಡೆ ಕಣ್ಣು ಹೋಯಿತು. ಮರದ ಬುಡದ ಧೂಳಿನಲ್ಲಿ ಸಣ್ಣ ಚಪ್ಪಲಿಯ ಗುರುತುಗಳಿದ್ದವು. ಹಳೆಯವು, ಹೊಸವು, ಒಂದರ ಮೇಲೊಂದು. ಅವರ ತರಗತಿಯಲ್ಲಿ ಚಪ್ಪಲಿ ಹಾಕುವ ಹುಡುಗಿ ಒಬ್ಬಳೇ.

“ಇಲ್ಲಿಗೂ ಬಂದಾಳ!” ಎಂದಳು ಜಂಬವ್ವ, ಜೋರಾಗಿಯೇ.

ಆ ಸಂಜೆ ತಾತ ಹಿತ್ತಲಲ್ಲಿ ಬಾಳೆಕಾಯಿ ಅಡೆ ಹಾಕುತ್ತಿದ್ದ. ಗುಣಿಯೊಳಗೆ ಕಾಯಿ ಜೋಡಿಸಿ, ಒಣ ಎಲೆ ಹೊದಿಸಿ, ಮೇಲೆ ಮಣ್ಣು ಮೆತ್ತಿ, ಒಂದು ತೂತಿನಿಂದ ಒಳಗೆ ಹೊಗೆ ಊದುವುದು. ಒಳಗಿನ ಬಿಸಿಗೆ ಹಸಿರು ಕಾಯಿ ಹಳದಿಯಾಗುತ್ತದೆ. ಹೊಸಪೇಟೆ ಸಂತೆಗೆ ತಾತ ಒಯ್ಯುವುದು ಈ ಹಣ್ಣನ್ನೇ.

“ತಾತ, ಗಿಡದಾಗ ಬಿಟ್ರ ಹಣ್ಣಾಗಂಗಿಲ್ಲೇನು?”

“ಆಗ್ತೈತವ್ವ. ಆದ್ರ ಅದು ಆಗೋತನಕ ಸಂತಿ ಕಾಯ್ತೈತೇನು? ಜಲ್ದಿ ಬೇಕಂದ್ರ ಅಡೆ ಹಾಕಬೇಕು.”

ಜಂಬವ್ವ ಬಂಡೆಗಳ ಕಡೆ ಓಡಿದಳು.

ಮರದ ಹತ್ತಿರ ಯಾರೂ ಇರಲಿಲ್ಲ. ಅವಳು ಒಂದು ಕೊಂಬೆ ಮುರಿದಳು. ಒಂದು ಸಾಕಿತ್ತು. ಆದರೆ ಚಪ್ಪಲಿಯ ಗುರುತು ಮತ್ತೆ ಕಣ್ಣಿಗೆ ಬಿತ್ತು. ಇನ್ನೊಂದು ಮುರಿದಳು. ಆಮೇಲೆ ಕೈಗೆ ಸಿಕ್ಕಿದ ಮೊಗ್ಗಿನ ಕೊಂಬೆಗಳನ್ನೆಲ್ಲ ಮುರಿದಳು. ಮೊದಲಿನದನ್ನು ಲಂಗದ ಮರೆಯಲ್ಲಿ ಇಟ್ಟುಕೊಂಡು, ಉಳಿದವನ್ನು ಬಂಡೆಯ ಹಿಂದೆ ಎಸೆದಳು.

ಹಿತ್ತಲಿಗೆ ವಾಪಸು ಬಂದು, ತಾತ ಕೈ ತೊಳೆಯಲು ಹೋದಾಗ ಮಣ್ಣು ಸರಿಸಿ, ಕೊಂಬೆಯನ್ನು ಬಾಳೆಕಾಯಿಗಳ ನಡುವೆ ತುರುಕಿ, ಮತ್ತೆ ಮೆತ್ತಿದಳು.

ಎರಡು ದಿನ ಅವಳಿಗೆ ಊಟ ರುಚಿಸಲಿಲ್ಲ. ಮೂರನೆಯ ಬೆಳಗ್ಗೆ ತಾತ ಏಳುವ ಮುಂಚೆಯೇ ಗುಣಿ ತೆರೆದಳು. ಬಾಳೆ ಚೆನ್ನಾಗಿ ಹಣ್ಣಾಗಿತ್ತು. ಮೊಗ್ಗುಗಳು ಮಾತ್ರ ಜೋತುಬಿದ್ದಿದ್ದವು. ಅವಳು ಒಂದನ್ನು ಬೆರಳಿನಿಂದ ಬಿಡಿಸಿದಳು. ಒಳಗಿನ ಎಸಳು ಹಳಸಿದ ಬೇಳೆಯ ಬಣ್ಣದ್ದಾಗಿತ್ತು. ಇನ್ನೊಂದನ್ನು ಬಿಡಿಸಿದಳು. ಅದೂ ಹಾಗೆಯೇ.

ಆದರೂ ಒಯ್ದಳು. ಅಷ್ಟು ದಿನದ ಆಸೆ ಬಿಡಲಿಲ್ಲ.

“ಸಾ, ಮುತ್ತಲ ಹೂವು ತಂದೀನಿ ರೀ. ಫಸ್ಟ್ ನಾನೇ!”

ವೆಂಕೋಬ ಮಾಸ್ತರು ಕೊಂಬೆಯನ್ನು ತಿರುಗಿಸಿ ನೋಡಿದರು. ಮೂಗಿನ ಹತ್ತಿರ ಹಿಡಿದರು. ಕನ್ನಡಕ ತೆಗೆದು ಮತ್ತೆ ಮೂಸಿದರು.

“ಏನವ್ವ ಇದು, ಬಾಳೆಹಣ್ಣಿನ ವಾಸನೆ ಬರ್ತದೆ? ಹೊಗೆ ವಾಸನೆನೂ ಬರ್ತದಲ್ಲ?”

ಹುಲುಗಪ್ಪನಿಗೆ ಥಟ್ಟನೆ ಹೊಳೆಯಿತು. “ಸಾ, ಅಡೆ ಹಾಕ್ಯಾಳ್ರಿ! ಮುತ್ತಲ ಅಡೆ ಹಾಕ್ಯಾಳ! ನಾಳಿ ಕೋಳಿ ತತ್ತಿನೂ ಅಡೆ ಹಾಕ್ತಾಳ ನೋಡ್ರಿ, ಜಲ್ದಿ ಮರಿ ಆಗ್ಲಿ ಅಂತ!”

ತರಗತಿಯೆಲ್ಲ ನಕ್ಕಿತು. ಮಾಸ್ತರ ಮೀಸೆಯೂ ಅಲುಗಿತು. ನಗದೇ ಇದ್ದವಳು ನೀರಜಾ ಒಬ್ಬಳೇ. ಅವಳು ಎದ್ದು ಬಂದು ಕೊಂಬೆಯನ್ನು ಮುಟ್ಟಿದಳು.

“ಇದು ಬಂಡೆ ಹತ್ತಿರದ ಗಿಡದ್ದು,” ಎಂದಳು. “ನನ್ನ ಗಿಡ. ಮೊನ್ನೆ ಹೋಗಿ ನೋಡಿದ್ರೆ ಕೆಳಗಿನ ಕೊಂಬೆ ಒಂದೂ ಇರಲಿಲ್ಲ. ಎಲ್ಲಾ ಮುರಿದು ಬಂಡೆ ಹಿಂದೆ ಎಸೆದಿದ್ರು.”

“ನಿನ್ನ ಗಿಡ?” ಜಂಬವ್ವನ ಧ್ವನಿ ಏರಿತು. “ನಿಮ್ಮಪ್ಪ ನೆಟ್ಟಾರೇನು? ನಮ್ಮಜ್ಜಿ ಎಲಿ ಕೊಯ್ಯೋ ಗಿಡ ಅದು!”

“ನಾವು ನೆಟ್ಟಿಲ್ಲ, ನಿಜ. ಆದ್ರೆ ನಾನು ಮುರಿದೂ ಇಲ್ಲ. ಅರಳೋದನ್ನ ನೋಡಬೇಕು ಅಂತ ದಿನಾ ಹೋಗ್ತಿದ್ದೆ.”

ಈಗ ಯಾರೂ ನಗಲಿಲ್ಲ. ಜಂಬವ್ವ ಏಟು ಬೀಳುತ್ತದೆಂದು ಕೈ ಮುಂದೆ ಚಾಚಿದಳು. ಮಾಸ್ತರು ಬೆತ್ತ ಮುಟ್ಟಲಿಲ್ಲ. ಏಟು ಬಿದ್ದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಆಮೇಲೆ ಅನ್ನಿಸಿತು.

“ಇನ್ನು ಮೇಲೆ ಯಾರೂ ಏನೂ ಕಿತ್ತು ತರಬಾರದು,” ಎಂದರು ಮಾಸ್ತರು. “ನೋಡಿದವರು ಬಂದು ಹೇಳ್ರಿ. ಎಲ್ಲರೂ ಹೋಗಿ ಅಲ್ಲೇ ನೋಡೋಣ. ಇದು ಹೊಸ ರೂಲು.”

ಅವತ್ತಿನ ಗಂಟೆಯನ್ನು ಅವರೇ ಹೊಡೆದರು.

ಆಮೇಲೆ ನೀರಜಾ ಅವಳ ಜೊತೆ ಮಾತಾಡಲಿಲ್ಲ. ಜಂಬವ್ವನೂ ಮಾತಾಡಲಿಲ್ಲ. ಹುಲುಗಪ್ಪ ಮಾತ್ರ ದಾರಿಯಲ್ಲಿ ಸಿಕ್ಕಾಗಲೆಲ್ಲ, “ಇವತ್ತು ಏನು ಅಡೆ ಹಾಕೀದಿ?” ಎಂದು ಕೇಳುತ್ತಿದ್ದ.

ಹೊಲದಿಂದ ಬರುವಾಗ ಜಂಬವ್ವ ಆ ಮರದ ಹತ್ತಿರ ಹೋಗುತ್ತಿದ್ದಳು. ಹೋಗಬಾರದು ಎಂದುಕೊಂಡೇ ಹೋಗುತ್ತಿದ್ದಳು. ಮುರಿದ ಕಡೆಯೆಲ್ಲ ಕೆಂಪು ಅಂಟು ಒಸರಿ ಗಟ್ಟಿಯಾಗಿತ್ತು. ಮಂಡಿ ತರಚಿದಾಗ ಒಣಗುವ ರಕ್ತದ ಹಾಗೆ ಕಾಣುತ್ತಿತ್ತು. ಬುಡದಲ್ಲಿ ಹೊಸ ಚಪ್ಪಲಿ ಗುರುತು ಇರಲಿಲ್ಲ. ಹಳೆಯವೂ ಗಾಳಿಗೆ ಅಳಿಸುತ್ತಿದ್ದವು.

ಅವಳ ಕೈಗೆ ಎಟುಕದಷ್ಟು ಮೇಲೆ ಒಂದು ಕೊಂಬೆ ಉಳಿದಿತ್ತು. ಅದರ ಮೇಲೂ ಮೊಗ್ಗಿದ್ದವು. ಅವು ಅರಳುತ್ತವೋ, ಒಣಗಿ ಉದುರುತ್ತವೋ? ಜಂಬವ್ವ ದಿನಾ ಕತ್ತು ಎತ್ತಿ ನೋಡುತ್ತಿದ್ದಳು. ನೋಡಲು ಹೋದವಳಿಗೆ ಬೇರೆ ಏನೇನೋ ಕಾಣುತ್ತಿತ್ತು. ಕೆರೆಯಲ್ಲಿ ಹೆಬ್ಬಾತುಗಳು ಕಡಿಮೆಯಾಗಿದ್ದವು. ಬಂಡೆಯ ಮೇಲೆ ಓತಿಕ್ಯಾತದ ಕುತ್ತಿಗೆ ಕೆಂಪೇರಿತ್ತು. ಅವಳು ಯಾವುದನ್ನೂ ಮಾಸ್ತರಿಗೆ ಹೇಳಲಿಲ್ಲ.

ಶಿವರಾತ್ರಿ ಕಳೆಯಿತು. ಜೋಳದ ಕೊಯ್ಲೂ ಮುಗಿಯಿತು. ಕವಣೆಯನ್ನು ಅಜ್ಜಿ ಗೂಟಕ್ಕೆ ನೇತುಹಾಕಿದಳು. ಹೊಲದಲ್ಲಿ ಕೆಲಸವಿಲ್ಲದಿದ್ದರೂ ಜಂಬವ್ವ ಬೆಳಗ್ಗೆ ಬಂಡೆಗಳ ಕಡೆ ಹೋದಳು.

ದೂರದಿಂದಲೇ ಗದ್ದಲ ಕೇಳಿತು. ಮೇಲಿನ ಕೊಂಬೆ ಹೊತ್ತಿಕೊಂಡಂತೆ ಕಾಣುತ್ತಿತ್ತು. ಕಪ್ಪು ಮೊಗ್ಗುಗಳೆಲ್ಲ ಒಡೆದು ಕಿತ್ತಳೆ ಕೆಂಪಿನ ಹೂವಾಗಿದ್ದವು. ಒಂದೂ ಎಲೆಯಿಲ್ಲ, ಬರೀ ಹೂವು. ಹೂವಿನೊಳಗೆ ಮುಖ ತೂರಿಸಿ ಹಕ್ಕಿಗಳು ಜಗಳವಾಡುತ್ತಿದ್ದವು. ತಲೆ ಕಪ್ಪು, ರೆಕ್ಕೆ ಕಪ್ಪು, ಮೈಯೆಲ್ಲ ಗುಲಾಬಿ.

ಇವು ಯಾವ ಹಕ್ಕಿ? ಒಂದು ಹಕ್ಕಿ ಕೂಗಿತು. ಆ ಕೂಗು ಅವಳಿಗೆ ಗೊತ್ತಿತ್ತು. ಚಳಿಗಾಲವಿಡೀ ಅಟ್ಟಣಿಗೆಯ ಮೇಲೆ ಕೇಳಿದ ಕೂಗು ಅದು. ಇಷ್ಟು ದಿನ ಅವಳು ಕವಣೆ ಬೀಸಿದ್ದು ಇವುಗಳಿಗೇ.

ಅವಳು ತಿರುಗಿ ಓಡಿದಳು. ಏರಿ ಇಳಿದ ಮೇಲೆ ದಾರಿ ಎರಡಾಗುತ್ತದೆ. ಬಲಕ್ಕೆ ಶಾಲೆ, ಎಡಕ್ಕೆ ಓವರ್ಸಿಯರ ಮನೆ. ಜಂಬವ್ವ ಅಲ್ಲಿ ನಿಂತಳು. ಶಾಲೆಯ ಕಡೆ ಎರಡು ಹೆಜ್ಜೆ ಇಟ್ಟಳು ಕೂಡ. ಆಮೇಲೆ ‘ಥೂ’ ಎಂದು ಎಡಕ್ಕೆ ತಿರುಗಿದಳು.

ನೀರಜಾಳ ತಾಯಿ ಸೀತಾಬಾಯಿ ಕಟ್ಟೆಯ ಮೇಲೆ ಕೂತು ಮಗಳಿಗೆ ಜಡೆ ಹಾಕುತ್ತಿದ್ದರು.

“ಯಾರವ್ವ ನೀನು? ಹಿಂಗ್ಯಾಕೆ ಏದುಸಿರು ಬಿಡ್ತಿದ್ದಿ?”

ಜಂಬವ್ವ ನೀರಜಾಳನ್ನೇ ನೋಡಿ ಹೇಳಿದಳು: “ನಿನ್ನ ಗಿಡ ಹೂವು ಬಿಟ್ಟೈತಿ.”

“ಸುಳ್ಳು,” ಎಂದಳು ನೀರಜಾ.

“ಸುಳ್ಳಾದ್ರ ಈ ಹೊತ್ತಿಗೆ ಸಾಲಿ ಮುಂದ ನಿಂತಿರ್ತಿದ್ದೆ. ಬಾರೆ, ಜಲ್ದಿ! ಹಕ್ಕಿ ಬಂದಾವು.”

“ಏ, ಜಡೆ! ಇನ್ನೊಂದು ಜಡೆ!” ಎಂದು ಸೀತಾಬಾಯಿ ಕೂಗಿದರು. ಆಗಲೇ ಇಬ್ಬರೂ ಓಣಿ ದಾಟಿದ್ದರು. ನೀರಜಾಳಿಗೆ ಒಂದು ಕಡೆ ಮಾತ್ರ ಜಡೆಯಿತ್ತು. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

ಬಂಡೆಯ ಮರೆಯಲ್ಲಿ ಇಬ್ಬರೂ ಕುಕ್ಕರಗಾಲಲ್ಲಿ ಕೂತರು. ಹಕ್ಕಿಗಳು ಇನ್ನೂ ಜಗಳವಾಡುತ್ತಲೇ ಇದ್ದವು.

“ಯಾವ ಹಕ್ಕಿ ಇವು?” ಎಂದು ನೀರಜಾ ಪಿಸುಗುಟ್ಟಿದಳು.

“ಜೋಳದ ಹಕ್ಕಿ. ನಾವು ಕಲ್ಲು ಹೊಡೀತೀವಲ್ಲ, ಅವು.”

“ಎಷ್ಟು ಚೆಂದ ಗುಲಾಬಿ ಬಣ್ಣ!”

“ಹ್ಞೂಂ,” ಎಂದಳು ಜಂಬವ್ವ. “ನಂಗೂ ಇವತ್ತೇ ಗೊತ್ತಾತು.”

ನೀರಜಾ ಮುರಿದ ಕೊಂಬೆಗಳನ್ನು ನೋಡಿದಳು. ಜಂಬವ್ವನೂ ನೋಡಿದಳು.

“ಟಣ್! ಟಣ್! ಟಣ್!”

ಶಾಲೆಯ ಗಂಟೆ ಕೆರೆಯ ನೀರಿನ ಮೇಲಿನಿಂದ ತೇಲಿ ಬಂತು. ಯಾರು ಹೊಡೆದರೋ. ಜಂಬವ್ವನ ಬೆರಳು ತಾವಾಗಿಯೇ ಮಡಿಚಿಕೊಂಡವು. ಅವಳು ಏಳಲು ಹೋದಳು.

“ಅಲ್ಲಾಡಬೇಡ,” ಎಂದು ನೀರಜಾ ಅವಳ ಲಂಗ ಹಿಡಿದಳು. “ಹಾರಿಹೋಗ್ತಾವೆ.”

ಜಂಬವ್ವ ಅಲ್ಲಾಡಲಿಲ್ಲ.